ದೋನ್ ಚೆಂಚೊ ಅವರ ಕರೆಂಟ್ ಪೆಟ್ಟಿಗೆ

ನಮ್ಮ ಬಾರಿಗೆ ಜನ ಕುಡಿಯುವುದಕ್ಕೆ ಬರುತ್ತಾರೆ, ತಿನ್ನುವುದಕ್ಕೆ ಬರುತ್ತಾರೆ, ಕಾಸು ಕೊಟ್ಟು ಕರೆಂಟ್ ಹೊಡೆಸಿಕೊಳ್ಳುವುದಕ್ಕೂ ಬರುತ್ತಾರೆ. ಹುಚ್ಚು ಅಂತೀರಾ? ಅನ್ನಿ. ಮೆಕ್ಸಿಕೋ ನಗರದ ದೊಕ್ತೋರೆಸ್ ಬಡಾವಣೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಕರೆಂಟ್ ಹೊಡೆಯುವ ಕೆಲಸ ಕ್ರೆಸೆನ್ಸಿಯೊ ಅವರದು. ನಮಗೆಲ್ಲ ಅವರು ದೋನ್ ಚೆಂಚೊ, ಅಂದರೆ ಚೆಂಚೊ ಸಾಹೇಬರು. ಮಧ್ಯಾಹ್ನ ಆಫೀಸಿನವರು ಬಂದು ಕೂತು, ನಾನು ಬಿಯರಿನ ಜೊತೆ ಸೀಗಡಿ ಸಾರು ಹಂಚುವ ಹೊತ್ತಿಗೆ, ಕೊರಳಿಗೆ ಮರದ ಪೆಟ್ಟಿಗೆ ನೇತುಹಾಕಿಕೊಂಡು, ಅದರ ಎರಡು ಹಿತ್ತಾಳೆ ಕೊಳವೆಗಳನ್ನು ಟಣಟಣ ಬಡಿಯುತ್ತಾ ಒಳಗೆ ಬರುವರು. ಮೇಜಿನವರೆಲ್ಲ ಕೈಕೈ ಹಿಡಿದು ಸರಪಳಿ ಕಟ್ಟಬೇಕು. ತುದಿಯ ಇಬ್ಬರು ಒಂದೊಂದು ಕೊಳವೆ ಹಿಡಿಯಬೇಕು. ಚೆಂಚೊ ಪೆಟ್ಟಿಗೆಯ ಗುಂಡಿ ತಿರುಗಿಸುವರು. ಮೊದಲು ಕೈ ಬಿಟ್ಟವನು ಎಲ್ಲರಿಗೂ ಕುಡಿಸಬೇಕು.

ಗುಂಡಿಯ ಸುತ್ತಲಿದ್ದ ಅಂಕಿಗಳು ಯಾವತ್ತೋ ಅಳಿಸಿಹೋಗಿದ್ದವು. ಅವರಿಗೆ ಅವರ ಕೈಯೇ ಅಳತೆ. ಪ್ರತಿ ಮೇಜಿನಲ್ಲೂ ಮೊದಲ ಕರೆಂಟು ಅವರಿಗೇ. ಎರಡೂ ಕೊಳವೆ ತಾವೇ ಹಿಡಿದು, ಗಿರಾಕಿಗೆ ಗುಂಡಿ ತಿರುಗಿಸಲು ಹೇಳಿ, "ಹಾಂ, ಇಷ್ಟು ಸಾಕು" ಅನ್ನುವರು. ಮೊದಲು ಬಸ್ ಓಡಿಸುತ್ತಿದ್ದರಂತೆ. ಆಮೇಲೆ ಈ ಪೆಟ್ಟಿಗೆ ಹಿಡಿದವರು, ಮದುವೆಯಾದದ್ದು, ಮಕ್ಕಳನ್ನು ಸಾಕಿದ್ದು, ಹೆಂಡತಿಯನ್ನು ಮಣ್ಣು ಮಾಡಿದ್ದು ಎಲ್ಲ ಇದರ ಸಂಪಾದನೆಯಲ್ಲೇ.

ಈ ವರ್ಷ ಈಸ್ಟರ್ ಕಳೆದ ಮೇಲೆ ನನ್ನ ಹತ್ತಿರ ಗೊಣಗುವುದಕ್ಕೆ ಶುರುಮಾಡಿದರು. "ಬ್ಯಾಟರಿಯಲ್ಲಿ ದಮ್ಮೇ ಇಲ್ಲ ತೋಮಾಸಾ."

ಹೊಸ ಬ್ಯಾಟರಿ ಹಾಕಿಸಿದರು. ಅದೂ ದಂಡ ಅಂದರು. ರಿಪೇರಿಯವನು ಪೆಟ್ಟಿಗೆ ಚೆನ್ನಾಗಿದೆ ಅಂದದ್ದಕ್ಕೆ ಅವನನ್ನೇ ಮುಠ್ಠಾಳ ಅಂದರು. ಅದೇ ವಾರ, ಅವರು ಸಾಕು ಅಂದಷ್ಟೇ ಕರೆಂಟಿಗೆ, ಕೊಳವೆ ಹಿಡಿದ ಬ್ಯಾಂಕಿನ ಹುಡುಗಿಯೊಬ್ಬಳು ಚೀರಿಕೊಂಡು ಕುರ್ಚಿ ಸಮೇತ ಉರುಳಿದಳು. ಬಾರಿನ ಯಜಮಾನ ಎವಾರಿಸ್ತೊ ಕೆಂಡವಾದ. "ಇನ್ನೊಂದು ಸಲ ಹೀಗಾದ್ರೆ ನನ್ನ ಹೊಸ್ತಿಲು ತುಳೀಬೇಡಿ, ದೋನ್ ಚೆಂಚೊ."

ನನಗೆ ಮಾತ್ರ ಬೇರೆಯೇ ಅನುಮಾನ. ಒಲೆಯಿಂದ ಇಳಿಸಿದ ಸಾರಿನ ಬಟ್ಟಲನ್ನು ಅವರು ಬರಿಗೈಯಲ್ಲಿ ಎತ್ತಿಕೊಂಡು, ನನ್ನ ಜೊತೆ ಹರಟೆ ಹೊಡೆಯುತ್ತಾ ನಿಂತಿದ್ದರು. ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಮೊದಲೇ ಸಕ್ಕರೆ ಕಾಯಿಲೆಯ ಮನುಷ್ಯ. ನನಗೆ ರೇಗಿಹೋಯಿತು.

"ಪೆಟ್ಟಿಗೆ ಕೆಟ್ಟಿಲ್ಲ ರೀ. ಕೆಟ್ಟಿರೋದು ನಿಮ್ಮ ಕೈ. ಡಾಕ್ಟರಿಗೆ ತೋರಿಸ್ಕೊಳ್ಳಿ!"

"ನಿನ್ನ ಬಾಯಿಗೆ ಮಣ್ಣು ಹಾಕ! ಪೆಟ್ಟಿಗೆ ಕೆಟ್ರೆ ಬೇರೆ ತರ್ತೀನಿ. ಕೈ ಹೋದ್ರೆ ಏನೇ ಮಾಡ್ಲಿ ನಾನು? ಬಾಗಿಲಲ್ಲಿ ಕೂತು ಭಿಕ್ಷೆ ಬೇಡ್ಲಾ?"

ಆಮೇಲೆ ಕೆಲವು ದಿನ ನನ್ನನ್ನು ಮಾತಾಡಿಸಲಿಲ್ಲ.

ಹೋದ ಶುಕ್ರವಾರ ರೋಸೆಂದೊನ ಹುಟ್ಟುಹಬ್ಬ. ಮಾರ್ಕೆಟ್ಟಿನಲ್ಲಿ ಮಾಂಸದಂಗಡಿ ಇಟ್ಟವನು, ಗೂಳಿಯಂಥ ಆಳು, ಬಾಯಿಯೂ ಅಷ್ಟೇ ದೊಡ್ಡದು. ದೋನ್ ಚೆಂಚೊ ಬಾಗಿಲಲ್ಲಿ ಕಂಡರೋ ಇಲ್ಲವೋ, "ಬನ್ನಿ ಬನ್ನಿ ಯಮರಾಯರೇ! ಇವತ್ತು ನಮ್ಮನ್ನೆಲ್ಲ ಹುರಿದುಬಿಡಿ!" ಅಂತ ಕೂಗಿದ. ಅವರು ಎಂದಿನಂತೆ ತಾವೇ ಕೊಳವೆ ಹಿಡಿದರು. ಗುಂಡಿಗೆ ಕೈ ಹಾಕಿದವನು ರೋಸೆಂದೊ.

"ಸಾಕಾ?"

"ಇನ್ನೂ."

"ಈಗ?"

"ಏನೂ ಇಲ್ಲ ಕಣಪ್ಪಾ. ತಿರುಗಿಸು."

ಅವನು ತಿರುಗಿಸಿದ. ಗುಂಡಿ ಕೊನೆಗೆ ಹೋಗಿ ನಿಂತಿತು. ಚೆಂಚೊ ಅವರ ಬೆರಳುಗಳು ಕೊಳವೆಗೆ ಕಚ್ಚಿಕೊಂಡಿದ್ದವು, ಮಣಿಕಟ್ಟು ಒಳಕ್ಕೆ ತಿರುಚಿಕೊಂಡಿತ್ತು, ತೋಳಿನ ನರ ಹಗ್ಗದ ಹಾಗೆ ಎದ್ದು ಕುಣಿಯುತ್ತಿತ್ತು. ಮುಖದಲ್ಲಿ ಮಾತ್ರ ನೋವಿನ ಸುಳಿವೇ ಇಲ್ಲ. ಇಡೀ ಬಾರು ಎದ್ದು ನಿಂತಿತು. "ಅಬ್ಬಾ, ಗಂಡು ಅಂದ್ರೆ ಇವರಪ್ಪಾ!" ಅಂತ ಚಪ್ಪಾಳೆ, ಶಿಳ್ಳೆ, ಮೇಜು ಗುದ್ದುವ ಸದ್ದು. ಅವರು ತಮ್ಮ ಕೈಗಳನ್ನು ಬೇರೆ ಯಾರದೋ ಕೈಗಳು ಎಂಬಂತೆ ನೋಡುತ್ತಿದ್ದರು.

ನಾನು ತಟ್ಟೆ ಬಿಸಾಕಿ ಓಡಿಹೋಗಿ ಗುಂಡಿ ಹಿಂದಕ್ಕೆ ತಿರುಗಿಸಿ ಕರೆಂಟ್ ನಿಲ್ಲಿಸಿದೆ. ಯಾರೋ ಅವರ ಕೈಗೆ ಟಕೀಲಾ ಗ್ಲಾಸು ತುರುಕಿದರು. ಅದು ಜಾರಿ ಬಿದ್ದು ಒಡೆಯಿತು.

"ಈಗ ನಂಗೆ! ಅಷ್ಟೇ ಇಡ್ಬೇಕು!" ರೋಸೆಂದೊ ಕೊಳವೆಗೆ ಕೈ ಚಾಚಿದ.

"ಕೊಡಲ್ಲ."

"ಯಾಕ್ರೀ, ನಾನೇನು ಹೆಣ್ಣಿಗನಾ?"

"ನೀನು ಸತ್ತೇ ಹೋಗ್ತೀಯ. ನನ್ನ ಮಾತು ಬಿಡು, ನಂಗೆ ಕೈ ಇಲ್ಲ ಕಣೋ." ದೋನ್ ಚೆಂಚೊ ಎರಡೂ ಅಂಗೈ ಎತ್ತಿ ತೋರಿಸಿದರು. "ನೋಡ್ರೋ, ಇವು ಸತ್ತಿವೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಳಾದವರು, ತಮಾಷೆ ಅಂದುಕೊಂಡರು. ಆಚೆ ಮೇಜಿನವರು "ಇಲ್ಲೂ ಬನ್ನಿ" ಅಂದರು, ಅದರಾಚೆಯವರೂ ಕರೆದರು. ಎವಾರಿಸ್ತೊ ಕೂಡ ಗಲ್ಲಾದಿಂದ ಹಲ್ಲು ಕಿರಿದು, "ನಾಳೆ ಬೇಗ ಬನ್ನಿ ದೋನ್ ಚೆಂಚೊ, ಇದನ್ನೇ ಇನ್ನೊಮ್ಮೆ ಮಾಡಿ" ಅಂದ. ದೋನ್ ಚೆಂಚೊ ವೈರುಗಳನ್ನು ಪೆಟ್ಟಿಗೆಗೆ ಸುತ್ತಿ ಹೊರಗೆ ನಡೆದರು.

ನಾನೂ ಹಿಂದೆಯೇ ಹೋದೆ. ಬಿರುಬಿಸಿಲಲ್ಲಿ ಫುಟ್‌ಪಾತಿನ ಅಂಚಿಗೆ ಕೂತಿದ್ದರು. ಬಾಯಿಗೆ ಬಂದಂತೆ ಬೈಯಬೇಕೆಂದು ಹೋದವಳು ಪಕ್ಕದಲ್ಲಿ ಕೂತು ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ತಗೊಂಡು, ಉಗುರು ಊರುವಷ್ಟು ಅದುಮಿ ಹಿಡಿದುಕೊಂಡೆ. ಅವರು ಬೀದಿಯಲ್ಲಿ ಹೋಗುವ ಬಸ್ಸು ನೋಡುತ್ತಿದ್ದರು.

"ತೋಮಾಸಾ," ಅಂದರು, "ಒಂಚೂರು ನನ್ನ ಕೈ ಹಿಡ್ಕೋ ಮಗಳೇ."