ಪಾಳು ಗುಡಿಯ ಮುಂದೆ ಮೂರು ಜೊತೆ ಚಪ್ಪಲಿ

ಕಾಲೇಜಿನ ನಾಲ್ಕು ವರ್ಷಗಳಲ್ಲಿ ಸೆಮಿನಾರ್ ಬಿಟ್ಟರೆ ಬೇರೆಲ್ಲೂ ನಾನು ಐದು ನಿಮಿಷ ಸತತವಾಗಿ ಮಾತಾಡಿದ್ದಿಲ್ಲ. ಅಂಥವಳು ಮೂವರು ಗೆಳೆಯರಿಗೆ ಆಟವೊಂದನ್ನು ನಡೆಸಿಕೊಡಲು ಒಪ್ಪಿದ್ದೆ. ಒಬ್ಬರು ಕತೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಹೆಚ್ಚು ಬಿದ್ದಷ್ಟೂ ಒಳ್ಳೆಯದು.

"ನೀನು ಮೂರು ಗಂಟೆ ಮಾತಾಡ್ತೀಯಾ? ರಜೆ ಹಾಕಿಯಾದ್ರೂ ಬರ್ತೀನಿ ಕಣೆ," ಎಂದಿದ್ದಳು ಗಿರಿನಗರದ ಗೆಳತಿ. ಆಟ ಇದ್ದದ್ದು ಭಾನುವಾರ.

ಸ್ನೇಹಕ್ಕೆ ಕಟ್ಟುಬಿದ್ದು ಒಮ್ಮೆ ಎಲ್ಲರೂ ಬರುತ್ತಾರೆ. ಅವರು ಎರಡನೇ ಸಲವೂ ಬರಬೇಕೆಂಬುದು ನನ್ನಾಸೆ. ಕೆಲಸ ಸಿಕ್ಕಮೇಲೆ ನಾವು ಮದುವೆ ಮನೆಗಳಲ್ಲಿ ಮಾತ್ರ ಸಿಗುತ್ತಿದ್ದೆವು. ಈ ಆಸೆಯನ್ನು ಯಾರಿಗೂ ಹೇಳದೆ, ಮೂವತ್ತೆರಡು ಪುಟ ಬರೆದು ಸಿದ್ಧಳಾದೆ. ಕತೆಯಲ್ಲಿ ಬರುವ ಮೃಗದ ಹಲ್ಲಿನ ಉದ್ದವೂ ಅದರಲ್ಲಿತ್ತು.

ಜಯನಗರದ ನಮ್ಮ ಮನೆಯ ಊಟದ ಮೇಜಿನ ಸುತ್ತ ಆಟ ಶುರುವಾಯಿತು. ಗೆಳತಿ ಯೋಧೆ, ಬಿಟಿಎಮ್ ಲೇಔಟಿನ ಗೆಳೆಯ ಕಳ್ಳ, ಜೆಪಿ ನಗರದವನು ಮಂತ್ರವಾದಿ. ನಾನು ಪುಟದಿಂದ ಕಣ್ಣೆತ್ತದೆ ಓದಿದೆ. ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಮಂತ್ರವಾದಿ ಮೊಬೈಲ್ ನೋಡುತ್ತಿದ್ದ. "ಆರು ಗಂಟೆಗೆ ಸ್ವಲ್ಪ ಕೆಲಸ ಇದೆ," ಎಂದ. ನನ್ನ ದನಿ ಇನ್ನೂ ಸಣ್ಣದಾಯಿತು.

"ಕಾಡಿನ ನಡುವೆ ಪಾಳು ಗುಡಿ. ಬಾಗಿಲು ಅರ್ಧ ತೆರೆದಿದೆ. ಏನು ಮಾಡುತ್ತೀರಿ?"

"ಚಪ್ಪಲಿ ಬಿಡ್ತೀನಿ," ಎಂದಳು ಯೋಧೆ.

"ಒಳಗೆ ಮೃಗ ಇದೆ."

"ಇದ್ರೇನು, ಗುಡಿ ತಾನೆ?"

"ನಾನೂ ಬಿಡ್ತೀನಿ ಗುರು," ಎಂದ ಕಳ್ಳ. "ವೃತ್ತಿ ಬೇರೆ, ಮರ್ಯಾದೆ ಬೇರೆ."

ಮಂತ್ರವಾದಿ ಮೊಬೈಲ್ ಕೆಳಗಿಟ್ಟ. "ಜೊತೇಲಿ ಬಿಡಬೇಡ್ರಪ್ಪ. ಒಂದು ಇಲ್ಲಿ, ಇನ್ನೊಂದು ಅಲ್ಲಿ ಬಿಡಿ. ಯಾರೂ ಎತ್ಕೊಂಡು ಹೋಗಲ್ಲ."

ಕಳ್ಳನೂ ಯೋಧೆಯೂ ಆ ಮಾತಿಗೆ ಕಿವಿಗೊಡಲಿಲ್ಲ. ಮೂವರೂ ಬರಿಗಾಲಲ್ಲಿ ಒಳಹೊಕ್ಕರು. ಮೃಗ ಗರ್ಜಿಸಿತು, ದಾಳ ಬರೀ ಎರಡು ತೋರಿಸಿತು. ಓಡುವುದೆಂದು ಒಮ್ಮತದಿಂದ ತೀರ್ಮಾನಿಸಿ ಹೊರಬಂದವರು ಹೊಸ್ತಿಲಲ್ಲಿ ನಿಂತುಬಿಟ್ಟರು.

"ಮೃಗ ಹಿಂದೆಯೇ ಇದೆ," ಎಂದೆ.

"ಒಂದ್ನಿಮಿಷ ಇರಕ್ಕೆ ಹೇಳು. ನಂದು ಬಕಲ್ ಇರೋದು," ಎಂದಳು ಯೋಧೆ.

ಪುಟ ತಿರುವಿದೆ. ಮೂವತ್ತೆರಡು ಪುಟಗಳಲ್ಲಿ ಎಲ್ಲೂ ಚಪ್ಪಲಿ ಇರಲಿಲ್ಲ. ನೋಟ್‌ಬುಕ್ ಮುಚ್ಚಿದೆ.

"ಎರಡು ಜೊತೆ ಇವೆ," ಎಂದೆ. "ನಿನ್ನದು ಇಲ್ಲ."

ಯೋಧೆ ಮೊದಲು ಕಳ್ಳನನ್ನು ನೋಡಿದಳು.

"ನನ್ನನ್ಯಾಕೆ ನೋಡ್ತೀಯ? ನಾನು ನಿನ್ ಜೊತೇನೇ ಒಳಗಿದ್ದೆ."

"ನಾನು ಆಗ್ಲೇ ಹೇಳ್ದೆ," ಎಂದ ಮಂತ್ರವಾದಿ, ಬಹಳ ತೃಪ್ತಿಯಿಂದ.

ಆಮೇಲೆ ನಡೆದದ್ದೆಲ್ಲ ತನಿಖೆ. ಹೆಜ್ಜೆ ಗುರುತು ಹುಡುಕಿದರು, ಪೊದೆ ಜಾಲಾಡಿದರು. ಕೊನೆಗೆ ಮೃಗವನ್ನೇ ಸಾಕ್ಷಿಯೆಂದು ಕರೆಸಿದರು. ಅದಕ್ಕೊಂದು ದನಿ ಬೇಕಾಯಿತು. ನಮ್ಮ ರಸ್ತೆಯ ಅಪಾರ್ಟ್‌ಮೆಂಟ್ ವಾಚ್‌ಮನ್‌ಗಳು ತಪ್ಪಿಸಿಕೊಳ್ಳುವ ದನಿಯಲ್ಲಿ ನಾನು, "ನಾನು ಒಳಗಡೆ ಇದ್ದೆ ಮೇಡಂ, ಏನೂ ನೋಡ್ಲಿಲ್ಲ," ಎಂದೆ. ಅಮ್ಮ ಅಡುಗೆಮನೆಯಿಂದ ಇಣುಕಿ, "ಯಾರೇ ಬಂದಿರೋದು?" ಎಂದು ಕೇಳಿದರು. ನಗು ತಡೆಯಲಾಗದೆ ಕಳ್ಳ ಮೇಜಿನ ಮೇಲೆ ತಲೆಯಿಟ್ಟ.

ಆರು ಗಂಟೆಯ ಕೆಲಸ ಮಂತ್ರವಾದಿಗೆ ಏಳೂವರೆಗೆ ನೆನಪಾಯಿತು. ಹೊರಡುವಾಗ ಅವನ ಒಂದು ಚಪ್ಪಲಿ ತುಳಸಿ ಕುಂಡದ ಪಕ್ಕ, ಇನ್ನೊಂದು ಗೇಟಿನ ಹತ್ತಿರ ಇತ್ತು. ಬಂದಾಗಲೇ ಹಾಗೆ ಬಿಟ್ಟಿದ್ದನಂತೆ.

ಗೆಳತಿ ಬಕಲ್ ಹಾಕಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತಳು. "ಯಾರು ಎತ್ಕೊಂಡಿದ್ದು? ನನಗೊಬ್ಬಳಿಗೆ ಹೇಳು."

"ಗೊತ್ತಿಲ್ಲ," ಎಂದೆ. ಅದು ನಿಜವಾಗಿತ್ತು.

"ಎಷ್ಟು ಗಟ್ಟಿ ಕಣೆ ನೀನು. ಬರೋ ಭಾನುವಾರ ಬಾಯಿ ಬಿಡಿಸ್ತೀನಿ, ನೋಡ್ತಿರು."

ಅವರು ಗೇಟು ದಾಟಿದ ಮೇಲೆ ಒಳಗೆ ಬಂದು, ಮೂವತ್ತಮೂರನೇ ಪುಟದ ತಲೆಗೆ 'ಚಪ್ಪಲಿ ಕಳ್ಳ ಯಾರು?' ಎಂದು ಬರೆದೆ. ಉತ್ತರ ಹುಡುಕಲು ಒಂದು ವಾರವಿತ್ತು.