ನಾನು ಕೊಡಿಸಿದ ಕ್ಯಾಮೆರಾ

ಹಿತ್ತಲಲ್ಲಿ ನನ್ನ ಹೆಂಡತಿ ಕಾಲ್ಚೀಲ ಒಣಹಾಕುವ ಆ ದುಂಡನೆಯ ಬಿಳಿ ಬಳೆಯನ್ನು ನೀವು ನೋಡಬೇಕು. ಒಂದು ಕಾಲಕ್ಕೆ ಅದು ರಿಂಗ್ ಲೈಟ್ ಆಗಿತ್ತು. ನಮ್ಮ ಸುರಪುರದಲ್ಲಿ ಬೆಳಕಿನ ಕೊರತೆಯಿದೆ ಎಂದು ನನಗೆ ಮನವರಿಕೆ ಮಾಡಿಕೊಟ್ಟವನು, ಯಾವುದೋ ಚಳಿಯ ಊರಲ್ಲಿ ಸ್ವೆಟರ್ ಹಾಕಿಕೊಂಡು ವಿಡಿಯೊ ಮಾಡುವ ಒಬ್ಬ ಮಹಾನುಭಾವ.

ನಾನು ಗಣಿತದ ಮಾಸ್ತರ. ಸಿನಿಮಾ ಮಾಡಿದವನಲ್ಲ, ಸಿನಿಮಾ ಸಾಮಾನುಗಳ ವಿಮರ್ಶೆ ನೋಡಿದವನು. ಇಬ್ಬರಲ್ಲಿ ಎರಡನೆಯವನಿಗೇ ಮಾತು ಜಾಸ್ತಿ. ಹಾಗಾಗಿ ಪಕ್ಕದ ಮನೆಯ ನಸೀಮಾ, "ಸರ್, ಕಮ್ಮಿ ರೊಕ್ಕದಾಗ ಮದುವಿ ಶೂಟಿಂಗ್ ಸಾಮಾನ ಯಾವ್ಯಾವು ತಗೋಬೇಕ್ರಿ?" ಎಂದು ಕೇಳಿದಾಗ ಜನ್ಮ ಸಾರ್ಥಕವಾಯಿತು.

ಅವಳ ಯೋಚನೆ ಜಾಣತನದ್ದೇ. ಅವರಲ್ಲಿ ಎಷ್ಟೋ ಮದುವೆಗಳಲ್ಲಿ ಪರದೆಯಾಚೆ, ಹೆಂಗಸರ ಕಡೆ, ಗಂಡಸು ಕ್ಯಾಮೆರಾದವರನ್ನು ಬಿಡುವುದಿಲ್ಲ. ಕೆಂಭಾವಿಯ ಒಂದು ಮದುವೆಯ ಶೂಟಿಂಗ್ ಮಾತಿಗೂ ಬಂದಿತ್ತು. "ಇದೊಂದು ಕೈ ಹಿಡೀತಂದ್ರ ನಮ್ಮ ಅಬ್ಬಾ ಈ ಕೆಲಸಕ್ಕ ಒಪ್ತಾರ್ರಿ. ಇಲ್ಲಾಂದ್ರ ಜಿಂದಗಿ ಪೂರ್ತಿ ಸೀರಿಗೆ ಫಾಲ್ ಹಚ್ಕೋತ ಕೂಡೂದ."

ಯಾದಗಿರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅಂಗಿಗೆ ಸಿಗಿಸುವ ಮೈಕು, ಮೂರು ಕಾಲಿನ ಸ್ಟ್ಯಾಂಡು ಕೊಡಿಸಿದೆ. ರಿಂಗ್ ಲೈಟು ನನ್ನ ಕಾಣಿಕೆ; ಬೇಡವಾಗಿ ಆಮೇಲೆ ಅದು ನಮ್ಮ ಹಿತ್ತಲಿಗೇ ವಾಪಸು ಬಂತು. ಎಡಿಟಿಂಗ್? "ಅದರ ಚಿಂತಿ ನಿನಗ್ಯಾಕವಾ, ನನ್ನ ಲ್ಯಾಪ್‌ಟಾಪ್ ಐತಿ, ನಾನ ಮಾಡಿಕೊಡ್ತೀನಿ," ಎಂದೆ. ಎಂಥ ಉದಾರಿ ನೋಡಿ.

ಕೆಂಭಾವಿಯಿಂದ ಮದುಮಗಳ ತಾಯಿ ಮಾತು ಮುಗಿಸಲು ನಸೀಮಾಳ ಮನೆಗೆ ಬಂದರು; ನಾನೂ ಹೋಗಿ ಕೂತೆ. ಕೇಳದಿದ್ದರೂ ನಾನು ಲೆನ್ಸಿನ ಮಹಿಮೆ ವಿವರಿಸಿದೆ. ಆಕೆ ಚಹಾ ಕುಡಿದು ಬಸಿ ಕೆಳಗಿಟ್ಟು, "ಶೂಟಿಂಗ್ ಹುಡುಗಿ ಮಾಡ್ತಾಳ, ಖರೆ. ಆಮ್ಯಾಲ ಕುಂತು ಕತ್ತರಿಸಿ ಜೋಡ್ಸೋರು ಯಾರ್ರಿ?" ಎಂದರು.

"ನಾನರಿ," ಎಂದೆ, ಎದೆಯುಬ್ಬಿಸಿ.

"ಅಂದ್ರ ನಿಮ್ಮನ್ನ ಪರದೆ ಒಳಗ ಬಿಟ್ಟಂಗ ಆತಲ್ರಿ. ಅದೂ ನಿಲ್ಲಿಸಿ ನಿಲ್ಲಿಸಿ ನೋಡಾಕ."

ಆಕೆ ಬುರ್ಖಾ ಸರಿಪಡಿಸಿಕೊಂಡು ಎದ್ದೇಬಿಟ್ಟರು. ಗಣಿತದ ಮಾಸ್ತರನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ನಸೀಮಾಳ ಮುಖ ನೋಡಿ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವಳು ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ನಾನ ಮಾಡ್ತೀನ್ರಿ ಖಾಲಾ. ಸರ್ ಲ್ಯಾಪ್‌ಟಾಪ್ ನನಗ ಕೊಟ್ಟಾರ. ನಮ್ಮ ಮನಿಯಾಗ ಇರ್ತೈತಿ. ಒಬ್ಬ ಗಂಡಸಿಗೂ ತೋರ್ಸೂದಿಲ್ಲ, ಸರ್‌ಗೂ."

ಯಾವಾಗ ಕೊಟ್ಟೆನೋ ನನಗೇ ಗೊತ್ತಿಲ್ಲ. ಆದರೂ ತಲೆಯಾಡಿಸಿದೆ. ಆಕೆ ಮತ್ತೆ ಕೂತರು. ಆ ವಾರವೆಲ್ಲ ನಮ್ಮ ಎಮ್ಮೆಯ ವಿಡಿಯೊ ಇಟ್ಟುಕೊಂಡು ನಸೀಮಾಳಿಗೆ ಕತ್ತರಿಸುವುದು, ಜೋಡಿಸುವುದು ಹೇಳಿಕೊಟ್ಟೆ. ಎಮ್ಮೆಗೆ ಪರದೆಯ ತಕರಾರಿರಲಿಲ್ಲ.

ಈಗ ಶಹಾಪುರದಿಂದಲೂ ಅವಳಿಗೆ ಕರೆ ಬರುತ್ತದೆ. ಇವತ್ತು ನನ್ನ ಹೆಂಡತಿ, ತಾನೂ ಹೋಗಿದ್ದ ದೋರನಹಳ್ಳಿಯ ಮದುವೆಯ ವಿಡಿಯೊ ನೋಡಲು ಅವಳ ಮನೆಗೆ ಹೋಗಿ ಈಗಷ್ಟೇ ಬಂದಳು. ಬಣ್ಣ ಹೇಗೆ ಬಂದಿದೆ, ದನಿ ಹೇಗಿದೆ ಎಂದು ಪೀಡಿಸಿದೆ.

"ಅದೆಲ್ಲಾ ನನಗ ತಿಳಿಯಂಗಿಲ್ರಿ. ಮದುಮಗಳು ಹೊಟ್ಟಿ ಹಿಡ್ಕೊಂಡು ನಕ್ಕಾಳ ನೋಡ್ರಿ, ಕಣ್ಣಾಗ ನೀರು ಬರೂತನಕ. ಗಂಡಸರ ಮುಂದ ಯಾರ ಹಂಗ ನಗ್ತಾರ?"

ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಕ್ಯಾಮೆರಾ ಆರಿಸಿದವನು ನಾನೇ. ನಾನೊಬ್ಬ ನೋಡಬಾರದು, ಅಷ್ಟೇ.