ಕಬ್ಬು ಕಡಿದ ಮೇಲೆ ಬಂದ ಇಲಿಗಳು

ಆತಗೂರಿನ ಚಿಕ್ಕಮಾದಮ್ಮ ಎಂದರೆ ಗಂಡಸರೂ ಒಂದು ಹೆಜ್ಜೆ ಹಿಂದೆ ನಿಂತು ಮಾತಾಡುತ್ತಿದ್ದರು. ತನ್ನ ಗದ್ದೆಗೆ ಬರಬೇಕಾದ ನಾಲೆ ನೀರನ್ನು ಯಾರಾದರೂ ಮೇಲುಗಡೆ ತಿರುಗಿಸಿಕೊಂಡರೆ, ಸೀರೆ ಎತ್ತಿ ಕಟ್ಟಿ, ಗುದ್ದಲಿ ಹೆಗಲಿಗೇರಿಸಿ ತಾನೇ ಹೋಗಿ ಕಟ್ಟೆ ಒಡೆದು ಬರುವ ಹೆಂಗಸು. ಎಮ್ಮೆಯ ಕರು ಅಡ್ಡ ಸಿಕ್ಕಿಕೊಂಡಾಗ ಡಾಕ್ಟರಿಗೆ ಕಾಯದೆ ಕೈ ಹಾಕಿ ತಿರುಗಿಸಿ ತೆಗೆದವಳು. ಕೊಟ್ಟಿಗೆಯಲ್ಲಿ ಹಾವು ಕಂಡರೂ ಕೂಗಾಡುತ್ತಿರಲಿಲ್ಲ, ಅದರ ಪಾಡಿಗೆ ಅದು ಹೋಗುವವರೆಗೆ ದೂರದಲ್ಲಿ ನಿಂತಿರುತ್ತಿದ್ದಳು. ಅಂಥವಳಿಗೆ ಇಲಿ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು.

ಮಳವಳ್ಳಿ ಕಡೆಯ ತವರಿನಲ್ಲಿ ಅವಳು ಸಣ್ಣ ಹುಡುಗಿಯಾಗಿದ್ದಾಗ, ಸುಗ್ಗಿ ಮುಗಿದು ಮನೆ ತುಂಬ ಭತ್ತದ ಮೂಟೆ ಪೇರಿಸಿದ್ದ ಕಾಲದಲ್ಲಿ, ಪಕ್ಕದಲ್ಲಿ ಮಲಗಿದ್ದ ಹಾಲುಗೂಸು ತಮ್ಮನ ಕಿವಿಯನ್ನು ಇಲಿ ಕಚ್ಚಿತ್ತು. ತಮ್ಮ ಬದುಕಿದ. ಈಗ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ಕಿವಿಯ ಅಂಚು ಹರಿದಿರುವುದನ್ನು ತೋರಿಸಿ ನಗುತ್ತಾನೆ. ಅವಳಿಗೆ ನಗು ಬರುವುದಿಲ್ಲ. ಮಗುವನ್ನು ನೋಡಿಕೋ ಎಂದು ಅವ್ವ ಹೇಳಿದ್ದು ಅವಳಿಗೇ. ಆ ಮಾತನ್ನು ಅವಳು ಗಂಡ ಮುದ್ದಯ್ಯನಿಗೂ ಹೇಳಿರಲಿಲ್ಲ. ಇಲಿ ಓಡಾಡಿದರೆ ಸಾಕು, ಹೆಂಡತಿ ಅಂಗಳಕ್ಕೆ ಹಾರುತ್ತಾಳೆ ಎಂಬುದಷ್ಟೇ ಅವನಿಗೆ ಗೊತ್ತು. ಅವನೇ ನಗಾಡುತ್ತಾ ಪೊರಕೆ ಹಿಡಿದು ಅಟ್ಟಿ ಬರುತ್ತಿದ್ದ, ಹಾಗೇ ಸಂಸಾರ ನಡೆದಿತ್ತು.

ಆ ವರ್ಷ ಹಿತ್ತಲಿಗೆ ಅಂಟಿದಂತಿದ್ದ ನಿಂಗಯ್ಯನ ಕಬ್ಬಿನ ಗದ್ದೆ ಕಟಾವಿಗೆ ಬಂತು. ಕಬ್ಬು ಫ್ಯಾಕ್ಟರಿಗೆ ಹೋಯಿತು, ಉಳಿದ ತರಗಿಗೆ ನಿಂಗಯ್ಯ ಬೆಂಕಿ ಕೊಟ್ಟ. ಅಷ್ಟು ದಿನ ಕಬ್ಬಿನ ಬುಡದಲ್ಲಿ ಹೊಟ್ಟೆ ಹೊರೆದುಕೊಂಡಿದ್ದ ಇಲಿಗಳೆಲ್ಲ ಬೇಲಿ ದಾಟಿ ಚಿಕ್ಕಮಾದಮ್ಮನ ಹಿತ್ತಲಿಗೆ ಬಂದವು. ಮೊದಲು ಹೋದದ್ದು ಬಿತ್ತಿದ್ದ ಕಡಲೆಕಾಯಿ ಬೀಜ. ಆಮೇಲೆ ಚಪ್ಪರದ ಹೀರೆಕಾಯಿ, ಬದನೆ, ತೆಂಗಿನ ಎಳೆಗಾಯಿ. ವಾರ ಕಳೆಯುವುದರೊಳಗೆ ಮನೆಯೊಳಕ್ಕೂ ನುಗ್ಗಿ ರಾಗಿ ಮೂಟೆಗೆ ತೂತು ಹಾಕಿದವು, ಮೋಟಾರಿನ ವೈರು ಕಡಿದವು.

"ಇಲಿ ಏನ್ ನಮ್ಮನ್ನ ಒತ್ಕೊಂಡ್ ಓಯ್ತವಾ? ಔಸ್ತಿ ಇಕ್ಕಿದ್ರೆ ಸಾಯ್ತವೆ ಬುಡು," ಎಂದ ಮುದ್ದಯ್ಯ, ಅಂಗಡಿಯಿಂದ ಪಾಷಾಣ ತಂದು ಅನ್ನಕ್ಕೆ ಕಲಸಿ ಮೂಲೆ ಮೂಲೆಗೆ ಇಟ್ಟ.

ಇಲಿ ಸತ್ತದ್ದೇನೋ ನಿಜ. ಆದರೆ ಒಂದು ಇಲಿ ಅಟ್ಟದ ಮೇಲೆ ಎಲ್ಲೋ ಸಂದಿಯಲ್ಲಿ ಸತ್ತು, ಮನೆಯಲ್ಲಿ ಕೂತು ಉಣ್ಣಲಾಗದ ನಾತ ಹಬ್ಬಿತು. ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿ ಹುಡುಕಬೇಕಾಯಿತು. ಇನ್ನೊಂದು ಇಲಿ ಎಳೆದಾಡಿ ಅಂಗಳದಲ್ಲಿ ಚೆಲ್ಲಿದ್ದ ಅನ್ನವನ್ನು ಮೊಟ್ಟೆ ಇಡುತ್ತಿದ್ದ ಕೋಳಿ ತಿಂದು ಕಾಲು ಚಾಚಿತು. ಚಿಕ್ಕಮಾದಮ್ಮ ಉಳಿದ ಪಾಷಾಣವನ್ನೆಲ್ಲ ಹುಡುಕಿ ತೆಗೆದು ಆಳವಾಗಿ ಗುಂಡಿ ತೋಡಿ ಹೂತಳು.

"ಮನೆಗೆ ಬಾಣಂತಿ ಬತ್ತಾವ್ಳೆ, ಅಸುಗೂಸು ಬತ್ತದೆ. ಇನ್ನೊಂದ್ಸಲ ಇಸ ಇಕ್ಕಿದ್ರೆ ನಿನ್ನೂ ಮನೆಯಿಂದ ಆಚೆಗೆ ಆಕ್ತೀನಿ ನೋಡು."

ಮಗಳು ಮಂಜುಶ್ರೀ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು, ಗಂಡನ ಮನೆ ಮದ್ದೂರು. ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತ್ತು. ಬಾಣಂತನಕ್ಕೆ ಅವಳು ತವರಿಗೆ ಬಂದಾಗ, ಇಲಿಯ ಸುದ್ದಿ ಎತ್ತಬಾರದು ಎಂದು ಚಿಕ್ಕಮಾದಮ್ಮ ಗಂಡನಿಗೆ ತಾಕೀತು ಮಾಡಿದ್ದಳು. ಗೊತ್ತಾದರೆ ಮಗಳು ಆ ಗಳಿಗೆಯೇ ಮದ್ದೂರಿಗೆ ವಾಪಸು ಹೊರಟುಬಿಡುತ್ತಾಳೆ ಎಂಬ ಭಯ. ನಡುಮನೆಯ ತೊಲೆಗೆ ಹಗ್ಗ ಹಾಕಿ ಹಳೇ ಸೀರೆಯ ಜೋಲಿ ಕಟ್ಟಿದಳು. ಆಮೇಲೆ ಬೀದಿ ನಾಯಿ ಒಳಗೆ ನುಗ್ಗುತ್ತದೆ ಎಂದು ನೆಪ ಹೇಳಿ ಅದರ ಪಕ್ಕದಲ್ಲೇ ಕೋಲು ಹಿಡಿದು ಕೂತಳು. ಊಟ ಅಲ್ಲೇ, ಸೊಪ್ಪು ಸೋಸುವುದು ಅಲ್ಲೇ. ನಿದ್ದೆ ಎಂಬುದು ಗೋಡೆಗೊರಗಿ ಕಣ್ಣು ಮುಚ್ಚಿ ತೆರೆಯುವಷ್ಟೇ ಆಯಿತು.

"ಯಾಕವ್ವಾ ಕಣ್ಣು ಇಂಗೆ ಕೆಂಪಗಾಗವೆ?" ಎಂದು ಮಗಳು ಕೇಳಿದರೆ, "ಒಲೆ ಒಗೆ ಕಣಮ್ಮಿ," ಎನ್ನುತ್ತಿದ್ದಳು. ಆ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು.

ಒಂದು ಮಧ್ಯಾಹ್ನ ಬಾಣಂತಿಗೆ ಎಣ್ಣೆ ನೀರು ಹಾಕಿ, ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು, ಇಬ್ಬರನ್ನೂ ಮಲಗಿಸಿಯಾಗಿತ್ತು. ಮುದ್ದಯ್ಯ ಗದ್ದೆಗೆ ಹೋಗಿದ್ದ. ಚಿಕ್ಕಮಾದಮ್ಮನಿಗೆ ತೂಕಡಿಕೆ ಹತ್ತಿರಬೇಕು. ತಲೆ ವಾಲಿ ಎಚ್ಚರವಾಗಿ ಮೇಲೆ ನೋಡಿದರೆ, ತೊಲೆಯಿಂದ ಜೋಲಿಯ ಹಗ್ಗ ಹಿಡಿದು ದೊಡ್ಡದೊಂದು ಇಲಿ ಇಳಿಯುತ್ತಿದೆ. ಮೂಗು ಆಡಿಸುತ್ತ, ಹಾಲಿನ ವಾಸನೆಯ ಕಡೆಗೆ, ಒಂದಿಷ್ಟೂ ಅವಸರವಿಲ್ಲದೆ.

ಕೋಲು ಕೈಯಲ್ಲೇ ಇತ್ತು. ಬೀಸಿದರೆ ಮಗುವಿಗೆ ಬೀಳುತ್ತದೆ. ಹೊಡೆಯದೆ ಹೆದರಿಸಿದರೆ ಇಲಿ ಜೋಲಿಯೊಳಕ್ಕೇ ಬೀಳುತ್ತದೆ. ಚಿಕ್ಕಮಾದಮ್ಮ ಇಷ್ಟನ್ನೂ ಲೆಕ್ಕ ಹಾಕಿದಳೋ ಇಲ್ಲವೋ, ಕೋಲು ಬಿಟ್ಟು ಎದ್ದವಳೇ ಬರಿಗೈಯಲ್ಲಿ ಇಲಿಯ ನಡುವಿಗೆ ಕೈ ಹಾಕಿ ಹಿಡಿದುಬಿಟ್ಟಳು. ಅದು ತಿರುಗಿ ಹೆಬ್ಬೆರಳ ಬುಡಕ್ಕೆ ಹಲ್ಲು ಊರಿತು. ಅವಳು ಬಿಡಲಿಲ್ಲ. ಬಾಗಿಲವರೆಗೆ ಓಡಿ, ಅಂಗಳದ ಒಗೆಯುವ ಕಲ್ಲಿನ ಮೇಲೆ ಬೀಸಿ ಒಗೆದಳು. ಇಲಿ ಮತ್ತೆ ಅಲುಗಾಡಲಿಲ್ಲ. ಆಮೇಲೆ ಅವಳ ಬಾಯಿಂದ ಹೊರಟ ಕೂಗಿಗೆ ನಿಂಗಯ್ಯ ತನ್ನ ಗದ್ದೆಯಿಂದ ಓಡಿ ಬಂದ.

"ಅವ್ವಾ! ಏನಾಯ್ತವ್ವಾ?" ಮಂಜುಶ್ರೀ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಮೊಗ ನೋಡು. ಮೊದ್ಲು ಮೊಗ ನೋಡು!"

ಮಗು ಕದಲದೆ ಮಲಗಿತ್ತು. ಚಿಕ್ಕಮಾದಮ್ಮ ಅದರ ಕಿವಿ, ಕೈ, ಕಾಲಿನ ಬೆರಳು ಎಲ್ಲವನ್ನೂ ಮತ್ತೆ ಮತ್ತೆ ಮುಟ್ಟಿ ನೋಡಿ, ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ಅವಳು ಅತ್ತದ್ದನ್ನು ಮಗಳು ಅದೇ ಮೊದಲು ಕಂಡದ್ದು. ಸುದ್ದಿ ಕೇಳಿ ಬಂದ ಮುದ್ದಯ್ಯ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಸೂಜಿ ಹಾಕಿಸಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಆ ಸಂಜೆ ಅವಳು ತಮ್ಮನ ಕಿವಿಯ ಕತೆಯನ್ನು, ಅವ್ವ ಅಂದು ಮಗುವನ್ನು ತನಗೇ ಒಪ್ಪಿಸಿದ್ದನ್ನು ಇಬ್ಬರಿಗೂ ಹೇಳಿದಳು.

"ಇಷ್ಟ್ ವರ್ಸ ನಗಾಡ್ಬುಟ್ಟೆ ಕಣಮ್ಮಿ. ಒಂದ್ ಮಾತು ಯೋಳ್ಬಾರ್ದಾಗಿತ್ತಾ?" ಎಂದ ಮುದ್ದಯ್ಯ.

ಮಂಜುಶ್ರೀ ಮದ್ದೂರಿಗೆ ಹೋಗುವ ಮಾತು ಎತ್ತಲಿಲ್ಲ. "ಕೋಲು ಇಡ್ಕೊಂಡು ಕಾಯ್ತಾ ಕೂತ್ರೆ ಓಯ್ತವೇನವ್ವಾ? ಎಲ್ಲಿಂದ ಬತ್ತವೆ ನೋಡ್ಬೇಕು," ಎಂದಳು. ದಿನವಿಡೀ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದವಳು ಅವಳು. ಹಿತ್ತಲ ಸೀಬೆ ಮರದ ಕೊಂಬೆ ಅಲ್ಲಾಡಿದಾಗಲೆಲ್ಲ ಮೂಲೆಯ ಹೆಂಚು ಟಕ್ ಎನ್ನುವುದನ್ನು ಕೇಳಿಸಿಕೊಂಡಿದ್ದಳು, ಗಾಳಿ ಎಂದುಕೊಂಡು ಸುಮ್ಮನಾಗಿದ್ದಳು. "ಅಲ್ಲಿ ಗೋಡೆಗೂ ಎಂಚಿಗೂ ನಡುವೆ ಬೆಳಕು ಕಾಣ್ತದೆ ನೋಡಪ್ಪಾ."

ಮುದ್ದಯ್ಯ ಏಣಿ ಹಾಕಿ ನೋಡಿದ. ಕೊಂಬೆ ಹೆಂಚಿನ ಮೇಲೇ ಒರಗಿತ್ತು. ಅದರ ತೊಗಟೆ ಇಲಿಗಳ ಓಡಾಟಕ್ಕೆ ಸವೆದು ನುಣ್ಣಗಾಗಿತ್ತು. ಆ ಮರವನ್ನು ಅವನ ತಾಯಿ ನೆಟ್ಟದ್ದು, ಅದರ ಕಡ್ಡಿ ಮುರಿಯಲೂ ಅವನು ಯಾರನ್ನೂ ಬಿಟ್ಟವನಲ್ಲ. ಈಗ ಯಾರೂ ಹೇಳದೆಯೇ ಮಚ್ಚು ತಂದು ಕೊಂಬೆಯನ್ನು ಬುಡದಿಂದ ಕಡಿದ.

ಅಲ್ಲಿಂದ ಮುಂದಕ್ಕೆ ಮೂವರದೂ ಒಂದೇ ಕೆಲಸವಾಯಿತು. ಗೋಡೆಗೂ ಹೆಂಚಿಗೂ ನಡುವಿನ ಸಂದಿಗೆ ಮುದ್ದಯ್ಯ ಗಾಜಿನ ಚೂರು ಬೆರೆಸಿದ ಸಿಮೆಂಟು ಮೆತ್ತಿದ. ಬಚ್ಚಲ ನೀರು ಹೋಗುವ ಕಿಂಡಿಗೆ ಕಬ್ಬಿಣದ ಜಾಲರಿ ಬಿಗಿದ. ರಾಗಿ ಮೂಟೆಯಿಂದ ತಗಡಿನ ಡ್ರಮ್ಮಿಗೆ ಇಳಿಯಿತು. ಹಿತ್ತಲ ಗೋಡೆಗೆ ಒತ್ತಿ ಪೇರಿಸಿದ್ದ ಸೌದೆ, ತೆಂಗಿನ ಮಟ್ಟೆ, ಸಿಪ್ಪೆಗಳನ್ನು ಚಿಕ್ಕಮಾದಮ್ಮ ಒಂಟಿ ಕೈಯಲ್ಲಿ ಎಳೆದು ದೂರಕ್ಕೆ ಸಾಗಿಸಿದಳು. ಅದರಡಿಯಲ್ಲಿ ಬಿಲಗಳ ಬಾಯಿ ಕಂಡವು. ಅವುಗಳಿಗೆ ಮಣ್ಣು, ಕಲ್ಲು ತುಂಬಿ ಗುದ್ದಿದರು. ಮಂಜುಶ್ರೀ ಮಂಚದಿಂದಲೇ, "ಅಲ್ಲಿ ಬುಟ್ಬುಟ್ರಲ್ಲಾ, ಆ ಮೂಲೆ!" ಎಂದು ಕೂಗುತ್ತಿದ್ದಳು.

ಒಳಗೇ ಉಳಿದಿದ್ದ ಇಲಿಗಳಿಗೆ ಬೋನು ಇಟ್ಟರೆ ಒಂದೂ ಬೀಳಲಿಲ್ಲ. ಮುದ್ದಯ್ಯ ಬೋನಿಗೇ ಬಯ್ಯತೊಡಗಿದ. ಚಿಕ್ಕಮಾದಮ್ಮ ಯೋಚಿಸಿದಳು. ಸಂತೆಯಿಂದ ತಂದ ಹೊಸ ಮೇಕೆಯೂ ಮೊದಮೊದಲು ಕೊಟ್ಟಿಗೆಯೊಳಗೆ ಕಾಲಿಡುವುದಿಲ್ಲ, ಬಾಗಿಲು ತೆರೆದಿಟ್ಟು ಸೊಪ್ಪು ಹಾಕುತ್ತಾ ಹೋದರೆ ತಾನಾಗಿ ಬರುತ್ತದೆ. ಹಾಗೇ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ದಿನಾ ಸುಟ್ಟ ಒಣಮೀನಿನ ತುಂಡು ಒಳಗಿಟ್ಟಳು. ಇಲಿಗಳು ತಿಂದು ಹೋದವು, ಧೈರ್ಯ ಬಂದು ಮತ್ತೆ ಬಂದವು. ಆಮೇಲೆ ಕಟ್ಟು ಬಿಚ್ಚಿದಳು. ಬೆಳಗ್ಗೆ ಒಂದು ಒಳಗಿತ್ತು. ಮುದ್ದಯ್ಯ ಎತ್ತಲು ಬಗ್ಗಿದರೆ, "ಬುಡು, ನಾನೇ ಒಯ್ತೀನಿ," ಎಂದಳು. ಬೋನನ್ನು ಮುಖದಿಂದ ದೂರ ಹಿಡಿದು ಹಿತ್ತಲ ತೊಟ್ಟಿಯವರೆಗೆ ನಡೆದೇ ಹೋದಳು, ಮುಳುಗಿಸಿದಳು, ಬಂದು ಕೈ ತೊಳೆದುಕೊಂಡಳು. ಮರುದಿನ ಮತ್ತೊಂದು ಬಿತ್ತು, ಅದರಾಚೆಗೆ ಇನ್ನೊಂದು. ಆಮೇಲೆ ಒಣಮೀನು ಇಟ್ಟದ್ದು ಇಟ್ಟಂತೆಯೇ ಉಳಿಯತೊಡಗಿತು. ಇಲಿ ಓಡಾಡಿದರೆ ತಿಳಿಯಲೆಂದು ನೆಲಕ್ಕೆ ಉದುರಿಸಿದ್ದ ರಾಗಿ ಹಿಟ್ಟಿನ ಮೇಲೆ ಒಂದು ಹೆಜ್ಜೆಯ ಗುರುತೂ ಮೂಡಲಿಲ್ಲ.

ಆದರೂ ಅವಳಿಗೆ ನಂಬಿಕೆ ಬರಲು ಸಮಯ ಹಿಡಿಯಿತು. ಆಗಾಗ ಕತ್ತೆತ್ತಿ ತೊಲೆ ನೋಡುವುದು ನಿಲ್ಲಲಿಲ್ಲ. ಕೊನೆಗೊಂದು ದಿನ ಮಂಜುಶ್ರೀ, "ನಾನು ಎದ್ದಿವ್ನಿ ಕಣವ್ವಾ, ಮೊಗ ನನ್ ತೊಡೆ ಮೇಲದೆ. ನೀ ವಸಿ ಒರಗ್ಕೊ," ಎಂದಳು. ಚಿಕ್ಕಮಾದಮ್ಮ ಬರೀ ಬೆನ್ನು ಚಾಚುತ್ತೇನೆ ಎಂದು ಚಾಪೆಯ ಮೇಲೆ ಉರುಳಿದಳು. ಗದ್ದೆಯಿಂದ ಬಂದ ಮುದ್ದಯ್ಯ ಅವಳ ಗೊರಕೆ ಕೇಳಿ, ಚಪ್ಪಲಿ ಅಂಗಳದಲ್ಲೇ ಬಿಟ್ಟು ಮೆಲ್ಲಗೆ ಒಳಗೆ ಬಂದ.

"ಕಾಪಿ ಕಾಯುಸ್ಕೊಡು ಅನ್ಬೇಡಪ್ಪಾ, ಏಳಿಸ್ಬೇಡ," ಎಂದಳು ಮಗಳು ಪಿಸುದನಿಯಲ್ಲಿ.

"ನಾನೇ ಕಾಯುಸ್ತೀನಿ ತಗಾ," ಎಂದು ಮುದ್ದಯ್ಯ ಸದ್ದಾಗದಂತೆ ಪಾತ್ರೆ ಇಳಿಸಿಕೊಂಡ. ಸಕ್ಕರೆ ಡಬ್ಬಿ ಎಲ್ಲಿದೆಯೋ ಅವನಿಗೆ ಸಿಗಲಿಲ್ಲ. ಹಾಗೇ ಸಪ್ಪೆ ಕಾಫಿ ಕುಡಿದು ತಂದೆ ಮಗಳು ಇಬ್ಬರೂ ಕೂತಿದ್ದರು. ಹೊರಗೆ ಕೋಳಿಗಳು ಗೂಡು ಸೇರುವ ಹೊತ್ತಾದರೂ ಚಿಕ್ಕಮಾದಮ್ಮ ಮಗ್ಗುಲು ಬದಲಿಸಲಿಲ್ಲ.